ಹೈಡ್ರೋಜನೇಸ್‌ಗೆ ಕಬ್ಬಿಣ ಕೂರಿಸುವ ಮೂರು ದಾರಿ: ನನಗೆ ಹಿಡಿಸಿದ್ದು ಯಾವುದು?

ಹೈಡ್ರೋಜನ್ ಹುಟ್ಟಿಸುವ ಕಿಣ್ವಕ್ಕೆ ಹೈಡ್ರೋಜನೇಸ್ ಎನ್ನುತ್ತಾರೆ. ಅಂಥದ್ದೊಂದಾದ ಹೈಡ್‌ಎ ಕಿಣ್ವದ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಕೊಟ್ಟರೆ ಪ್ರೋಟೀನ್ ಚೆನ್ನಾಗಿಯೇ ಬರುತ್ತದೆ. ಕಂದು ಬಣ್ಣ, ನೋಡಲು ಎಲ್ಲ ಸರಿ. ಆದರೆ ಒಂದು ಗುಳ್ಳೆ ಹೈಡ್ರೋಜನ್ ಕೂಡ ಬರುವುದಿಲ್ಲ.

ಕಾರಣ ಇಷ್ಟೆ. ಈ ಕಿಣ್ವದ ಒಡಲಲ್ಲಿ ಹೈಡ್ರೋಜನ್ ಹುಟ್ಟುವ ಜಾಗವಾದ ಎಚ್-ಕ್ಲಸ್ಟರ್‌ಗೆ ಎರಡು ಭಾಗ. ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಗೂಡನ್ನು ಇ. ಕೋಲೈ ತಾನೇ ಕಟ್ಟಿಕೊಡುತ್ತದೆ. ಆ ಗೂಡಿಗೆ ಅಂಟಿಕೊಳ್ಳಬೇಕಾದ, ಎರಡು ಕಬ್ಬಿಣ ಇರುವ ಒಂದು ತುಣುಕನ್ನು ಕಟ್ಟುವುದು ಮಾತ್ರ ಇ. ಕೋಲೈಗೆ ಗೊತ್ತಿಲ್ಲ. ಆ ತುಣುಕಿನಲ್ಲಿ ಮೂರು ಕಾರ್ಬನ್ ಮೊನಾಕ್ಸೈಡ್, ಎರಡು ಸಯನೈಡ್, ನಡುವೆ ನೈಟ್ರೋಜನ್ ಇರುವ ಒಂದು ಗಂಧಕದ ಸೇತುವೆ. ಎರಡು ವಿಷಗಳನ್ನು ಕೋಶದೊಳಗೇ ತಯಾರಿಸಬೇಕು, ಅಲ್ವಾ? ಅದಕ್ಕೇ ಹೈಡ್‌ಇ, ಹೈಡ್‌ಎಫ್, ಹೈಡ್‌ಜಿ ಎಂಬ ಸಹಾಯಕರು ಬೇಕು. ಇವುಗಳ ಜೀನ್‌ಗಳನ್ನು 2004ರಲ್ಲಿ ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲಿ ಗುರುತಿಸಿದರು.

ನಾನು ಮೂರು ದಾರಿಗಳನ್ನೂ ಹಿಡಿದು ನೋಡಿದ್ದೇನೆ. ಎಲ್ಲಕ್ಕೂ ಆಮ್ಲಜನಕವಿಲ್ಲದ ಗ್ಲವ್ ಬಾಕ್ಸ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಬೇಕೇ ಬೇಕು. ಪರೀಕ್ಷೆಯೂ ಒಂದೇ: ಎಲೆಕ್ಟ್ರಾನ್ ಕೊಡುವ ಡೈಥಯೊನೈಟ್ ಹಾಕಿ ಗಾಢ ನೀಲಿಯಾದ, ಆ ಎಲೆಕ್ಟ್ರಾನನ್ನು ಕಿಣ್ವಕ್ಕೆ ಮುಟ್ಟಿಸುವ ಮೀಥೈಲ್ ವಯೊಲೊಜೆನ್‌ಗೆ ಕಿಣ್ವ ಸೇರಿಸಿ, ಮೇಲೆ ಸೇರಿದ ಅನಿಲವನ್ನು ಅದರಲ್ಲಿ ಹೈಡ್ರೋಜನ್ ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಕ್ರೊಮಟೊಗ್ರಾಫ್‌ಗೆ ಕೊಡುವುದು.

ಮೊದಲ ದಾರಿ, ನಾಲ್ಕೂ ಜೀನ್‌ಗಳನ್ನು ಒಂದೇ ಕೋಶಕ್ಕೆ ತುಂಬುವುದು. ಮೊದಲು ಗಾಳಿಯಲ್ಲಿ ಬೆಳೆಸಿ, ಆಮೇಲೆ ನೈಟ್ರೋಜನ್ ಹಾಯಿಸಿ, ಕಬ್ಬಿಣ ಮತ್ತು ಸಿಸ್ಟೀನ್ ಕೊಟ್ಟು ಜೀನ್‌ಗಳನ್ನು ಎಬ್ಬಿಸಬೇಕು. ಕಬ್ಬಿಣ-ಗಂಧಕದ ಗೂಡು ಕಟ್ಟುವ ಕೆಲಸಕ್ಕೆ ಕಡಿವಾಣ ಹಾಕುವ ಐಎಸ್‌ಸಿಆರ್ ಜೀನ್ ತೆಗೆದುಹಾಕಿದ ತಳಿ ಬಳಸಿದರೆ ಆ ಕಡಿವಾಣ ಸಡಿಲವಾಗುತ್ತದೆ, ಫಲ ಜಾಸ್ತಿ. ರಸಾಯನಶಾಸ್ತ್ರದ ಗೋಜು ಇಲ್ಲ ಎಂಬುದೇ ಇದರ ದೊಡ್ಡ ಗುಣ. ಆದರೆ ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಒಂದಷ್ಟು ಪ್ರೋಟೀನ್ ಜಾಗ ಖಾಲಿ ಇಟ್ಟುಕೊಂಡೇ ಹೊರಬರುತ್ತದೆ.

ಎರಡನೆಯದು, ಕೋಶವನ್ನು ಒಡೆದು ಕೆಲಸವನ್ನು ಟ್ಯೂಬಿಗೆ ತರುವುದು. ಸಹಾಯಕ ಪ್ರೋಟೀನ್‌ಗಳು, ಎರಡು ಕಬ್ಬಿಣದ ತುಣುಕು ಇನ್ನೂ ಕೂರದ ಖಾಲಿ ಹೈಡ್‌ಎ, ಟೈರೊಸಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು, ಕಬ್ಬಿಣ, ಜೊತೆಗೆ ಸಹಾಯಕರು ಬಳಸುವ ಸಣ್ಣ ಅಣುಗಳಾದ ಜಿಟಿಪಿ, ಎಸ್-ಅಡೆನೊಸಿಲ್ ಮೆಥಿಯೊನಿನ್: ಪಟ್ಟಿ ಉದ್ದ, ಕೈಗೆ ಬರುವ ಕಿಣ್ವ ಕಡಿಮೆ. ಬರೀ ಕಿಣ್ವ ಬೇಕಿದ್ದವರು ಇದರ ತಂಟೆಗೆ ಹೋಗಬೇಡಿ. ಕೋಶ ಇದನ್ನು ಹೇಗೆ ಕಟ್ಟುತ್ತದೆ ಎಂದು ಕೇಳುವವರಿಗೆ ಮಾತ್ರ ಇದರಂಥದ್ದು ಇನ್ನೊಂದಿಲ್ಲ. ಟೈರೊಸಿನ್‌ನ ಕಾರ್ಬನ್ ಬದಲು ತೂಕದ ಕಾರ್ಬನ್-13 ಹಾಕಿ. ಇನ್‌ಫ್ರಾರೆಡ್ ರೋಹಿತದಲ್ಲಿ ಕಾರ್ಬನ್ ಮೊನಾಕ್ಸೈಡ್, ಸಯನೈಡ್ ಗೆರೆಗಳು ಕೆಳಕ್ಕೆ ಜಾರುತ್ತವೆ, ಅಂದರೆ ಎರಡೂ ಬಂದದ್ದು ಟೈರೊಸಿನ್‌ನಿಂದ. ಹೈಡ್‌ಜಿ ಟೈರೊಸಿನ್ ಅನ್ನು ಸೀಳಿ ಎರಡನ್ನೂ ಅಲ್ಲೇ ಕಬ್ಬಿಣಕ್ಕೆ ಕಟ್ಟುತ್ತದೆ, ಉಳಿದದ್ದು ಪ್ಯಾರಾ-ಕ್ರೆಸಾಲ್ ಆಗಿ ಹೊರಬೀಳುತ್ತದೆ. ಸಿದ್ಧವಾದ ಆ ಒಂಟಿ ಕಬ್ಬಿಣದ ತುಣುಕು ಹೈಡ್‌ಇ ಕೈಗೆ ಹೋಗುತ್ತದೆ. ಸೇತುವೆಯ ಗಂಧಕ ಸಿಸ್ಟೀನ್‌ನಿಂದ, ನೈಟ್ರೋಜನ್ ಮತ್ತು ಕಾರ್ಬನ್ ಸೆರಿನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ. ಹೈಡ್‌ಎಫ್ ಎರಡು ಕಬ್ಬಿಣದ ತುಣುಕನ್ನು ಹೊತ್ತು ಹೈಡ್‌ಎಗೆ ಒಪ್ಪಿಸುತ್ತದೆ. ವಿಷ ಎಲ್ಲೂ ಸುಮ್ನೆ ಅಡ್ಡಾಡುವುದಿಲ್ಲ.

ಮೂರನೆಯದು ನನ್ನ ಮೆಚ್ಚಿನದು. ಸಹಾಯಕರೇ ಬೇಡ. ಎರಡು ಕಬ್ಬಿಣದ ತುಣುಕನ್ನು ಫ್ಯೂಮ್ ಹುಡ್‌ನಲ್ಲಿ ತಯಾರಿಸಿ ಖಾಲಿ ಹೈಡ್‌ಎಗೆ ಬೆರೆಸಿದರೆ ಆಯಿತು, ತಾನಾಗಿ ಹೋಗಿ ಕೂರುತ್ತದೆ. 2013ರಲ್ಲಿ ಇದು ಪ್ರಕಟವಾದಾಗ ಈ ಕ್ಷೇತ್ರದ ದಿಕ್ಕೇ ಬದಲಾಯಿತು. ನಾವು ಹಾಕುವ ಸಂಯುಕ್ತದಲ್ಲಿ ನಾಲ್ಕು ಕಾರ್ಬನ್ ಮೊನಾಕ್ಸೈಡ್ ಇರುತ್ತವೆ. ಒಳಗೆ ಕೂರುವಾಗ ಒಂದು ಕಳಚುತ್ತದೆ, ಇನ್ನೊಂದು ಎರಡು ಕಬ್ಬಿಣಗಳ ನಡುವೆ ಸೇತುವೆಯಾಗುತ್ತದೆ. ಇನ್‌ಫ್ರಾರೆಡ್‌ನಲ್ಲಿ 1800 cm⁻¹ ಹತ್ತಿರ ಹೊಸ ಗೆರೆ ಎದ್ದರೆ ಸರಿಯಾಗಿ ಕೂತಿದೆ ಎಂದೇ ಲೆಕ್ಕ. ಸೇತುವೆಯ ನೈಟ್ರೋಜನ್ ತೆಗೆದು ಕಾರ್ಬನ್ ಇಟ್ಟು ನೋಡಿ. ಅದೂ ಒಳಗೆ ಸರಿಯಾಗಿಯೇ ಕೂರುತ್ತದೆ, ಹೈಡ್ರೋಜನ್ ಮಾತ್ರ ಬರುವುದಿಲ್ಲ. ಪ್ರೋಟಾನನ್ನು ಕಬ್ಬಿಣಕ್ಕೆ ದಾಟಿಸುವುದು ಆ ನೈಟ್ರೋಜನ್. ಇಷ್ಟು ನೇರವಾದ ಉತ್ತರ ಮೊದಲ ದಾರಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಸೇತುವೆ ಯಾವುದಿರಬೇಕು ಎಂದು ನಿರ್ಧರಿಸುವುದು ಕೋಶ, ನಾವಲ್ಲ.

ತೊಂದರೆಯೂ ಇದೆ. ಸಯನೈಡ್ ಬಳಸಿ ಮಾಡುವ ಕೆಲಸ ಅದು, ಅನುಭವಿ ರಸಾಯನಜ್ಞರು ಪಕ್ಕದಲ್ಲಿಲ್ಲದಿದ್ದರೆ ಕೈ ಹಾಕಬೇಡಿ.

ಹೈಡ್‌ಎಯಲ್ಲಿ ಎರಡೂ ಕಬ್ಬಿಣವೇ; ನಿಕಲ್-ಕಬ್ಬಿಣದ ಹೈಡ್ರೋಜನೇಸ್ ಬೇಕಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಸಯನೈಡ್ ಬರುವುದು ಕಾರ್ಬಮಾಯ್ಲ್ ಫಾಸ್ಫೇಟ್ ಎಂಬ ಸಣ್ಣ ಅಣುವಿನಿಂದ. ಹೈಪ್ ಎಂಬ ಸಹಾಯಕ ಪ್ರೋಟೀನ್‌ಗಳು ಮೊದಲು ಕಬ್ಬಿಣ, ಆಮೇಲೆ ನಿಕಲ್ ಇಡುತ್ತವೆ, ಕೊನೆಗೆ ಒಂದು ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಹೈಡ್ರೋಜನೇಸ್‌ನ ಬಾಲ ಕತ್ತರಿಸುತ್ತದೆ. ಆ ಸಲಕರಣೆ ಇ. ಕೋಲೈಯಲ್ಲಿ ಹುಟ್ಟಿನಿಂದಲೇ ಇದೆ. ನಾನು ಅದನ್ನು ಕೋಶಕ್ಕೇ ಬಿಟ್ಟುಬಿಡುತ್ತೇನೆ.

ಹೈಡ್‌ಎಯ ರೂಪಾಂತರಗಳನ್ನು ಸಾಲಾಗಿ ಪರೀಕ್ಷಿಸುವವರಿಗೆ ಮೂರನೆಯ ದಾರಿಯಲ್ಲಿ ಇನ್ನೊಂದು ಅನುಕೂಲ: ಸಂಯುಕ್ತವನ್ನು ಜೀವಂತ ಇ. ಕೋಲೈಗೇ ಹಾಕಬಹುದು, ಒಳಗಿನ ಹೈಡ್‌ಎ ಎಚ್ಚರಗೊಳ್ಳುತ್ತದೆ. ಶುದ್ಧೀಕರಣ ಬೇಡ. ಇನ್‌ಫ್ರಾರೆಡ್ ನೋಡುವ ಮುಂಚೆ ಕೋಶಗಳನ್ನು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಹೊರಗೆ ಉಳಿದ ಸಂಯುಕ್ತದ ಗೆರೆಗಳೇ ಎದ್ದು ಕಾಣುತ್ತವೆ.