ಡೇರಿಯ ಪ್ರೋಗ್ರಾಂ ಬಿದ್ದಾಗ: ಸಿ++, ಜಾವಾ, ಗೋ ಮೂರನ್ನೂ ಓಡಿಸಿ ನೋಡಿದೆ

ಪ್ರೋಗ್ರಾಂ ಬಿದ್ದಾಗ, ಅಂದರೆ ಕ್ರ್ಯಾಶ್ ಆದಾಗ, ಯಾವ ಭಾಷೆ ಚೆನ್ನಾಗಿ ನಿಭಾಯಿಸುತ್ತದೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೋ ಭಾಷೆಗೆ. ಯಾಕೆ ಅನ್ನೋದಕ್ಕೆ ಗುಬ್ಬಿ ಹತ್ತಿರದ ಒಂದು ಊರಿನ ಹಾಲಿನ ಡೇರಿಯ ಕಥೆ ಹೇಳಬೇಕು.

ಅಲ್ಲಿ ತೂಕದ ಯಂತ್ರ ಮತ್ತು ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಯಂತ್ರ ಎರಡೂ ಸೀರಿಯಲ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಸೇರಿವೆ. ಪ್ರೋಗ್ರಾಂ ಅಂಕಿ ಓದಿ ಚೀಟಿ ಕೊಡುತ್ತದೆ. ಮೊದಲು ನಾನು ಅದನ್ನು ಸಿ++ ನಲ್ಲಿ ಬರೆದಿದ್ದೆ. ಎರಡು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಯಾಗಿ ಓಡುವ ಕೆಲಸಗಳು), ಒಂದೊಂದು ಯಂತ್ರಕ್ಕೆ ಒಂದೊಂದು. ಜೊತೆಗೆ ಸಿಗ್‌ಸೆಗ್‌ವಿ ಸಿಗ್ನಲ್ಲಿಗೆ ಒಂದು ಹ್ಯಾಂಡ್ಲರ್, ಅಂದರೆ ಸಿಗ್ನಲ್ ಬಂದಾಗ ಓಡುವ ಫಂಕ್ಷನ್, ಇಟ್ಟಿದ್ದೆ. ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿದರೆ ಲಿನಕ್ಸ್ ಕಳಿಸುವ 11ನೇ ಸಿಗ್ನಲ್ ಅದು. ಬಿದ್ದರೆ ಎಲ್ಲಿ ಬಿತ್ತು ಅಂತ ಲಾಗ್‌ನಲ್ಲಿ ಬರೆದು ಸಾಯಲಿ, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಮತ್ತೆ ಎಬ್ಬಿಸುತ್ತದೆ ಅನ್ನೋದು ನನ್ನ ಲೆಕ್ಕ.

ಒಂದು ಬೆಳಗ್ಗೆ ಅದು ಸಾಯಲೇ ಇಲ್ಲ, ಸುಮ್ನೆ ನಿಂತುಬಿಟ್ಟಿತು. ಸ್ಕ್ರೀನಿನಲ್ಲಿ ಹಿಂದಿನವರ ಅಂಕಿಯೇ ಉಳಿದಿತ್ತು. ಸೆಕ್ರೆಟರಿ ಅದನ್ನೇ ನೋಡಿ ಪುಸ್ತಕದಲ್ಲಿ ಬರೆಯಲು ಹೋದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ತಡೆದರು: "ನಮ್ಮ ಹಸೂಗೆ ಯಾವತ್ತೂ 4.6 ಬಂದಿಲ್ಲ ಕಣಪ್ಪ, ಇನ್ನೊಂದ್ಸಲ ನೋಡು." ಹಾಲಿನ ದುಡ್ಡು ಫ್ಯಾಟ್ ಮೇಲೆ ನಿಂತಿರುತ್ತದೆ. ಆ ಅಜ್ಜಿ ಹೇಳದೇ ಇದ್ದಿದ್ದರೆ ಎಷ್ಟು ಜನರ ಲೆಕ್ಕ ತಪ್ಪುತ್ತಿತ್ತೋ.

ತುಮಕೂರಿನಿಂದ ಬೈಕಿನಲ್ಲಿ ಹೋಗಿ, ಓಡುವ ಪ್ರೋಗ್ರಾಂ ಒಳಗೆ ಇಣುಕುವ ಜಿಡಿಬಿ ಹಾಕಿ ನೋಡಿದೆ. ಫ್ಯಾಟ್ ಯಂತ್ರ ಒಂದು ಉದ್ದನೆಯ ಹಾಳು ಸಾಲು ಕಳಿಸಿತ್ತು. ನನ್ನ ಕೋಡ್ ಅದನ್ನು ಬಫರಿನ (ಸಾಲು ಇಡಲು ಮಾಡಿದ ಜಾಗ) ಆಚೆಗೂ ಬರೆದು ಹೀಪ್, ಅಂದರೆ ಪ್ರೋಗ್ರಾಂ ಬೇಕಾದಾಗ ಪಡೆಯುವ ಮೆಮೊರಿ, ಕೆಡಿಸಿತ್ತು. ಆಮೇಲೆ ಆ ಮೆಮೊರಿ ಹಂಚುವ ಮ್ಯಾಲಾಕ್ ಫಂಕ್ಷನ್ ತನ್ನ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಬರಲಿ ಅನ್ನುವ ಬೀಗ) ಹಿಡಿದುಕೊಂಡಿದ್ದಾಗಲೇ ಪ್ರೋಗ್ರಾಂ ಬಿತ್ತು. ಆಗ ನನ್ನ ಹ್ಯಾಂಡ್ಲರ್ ಎದ್ದು, ಎಲ್ಲಿ ಬಿತ್ತು ಅಂತ ಫಂಕ್ಷನ್ ಹೆಸರು ಕೊಡುವ ಬ್ಯಾಕ್‌ಟ್ರೇಸ್_ಸಿಂಬಲ್ಸ್ ಕರೆಯಿತು. ಅದು ಒಳಗೆ ಮತ್ತೆ ಮ್ಯಾಲಾಕ್ ಕರೆಯುತ್ತದೆ. ಅದೇ ಥ್ರೆಡ್ ತಾನೇ ಹಿಡಿದ ಲಾಕ್‌ಗೆ ತಾನೇ ಕಾಯುತ್ತಾ ಕುಳಿತಿತ್ತು. ಪ್ರೋಸೆಸ್ ಬದುಕಿದೆ, ಹಾಗಾಗಿ ಸಿಸ್ಟಮ್‌ಡಿ ಕಣ್ಣಿಗೆ ಎಲ್ಲ ಸರಿ. ಪ್ರೋಗ್ರಾಂ ಆಗಾಗ ಉತ್ತರಿಸುತ್ತಿದೆಯೇ ಅಂತ ನೋಡುವ ವಾಚ್‌ಡಾಗ್ ಇಟ್ಟಿದ್ದರೆ ಹಿಡಿಯುತ್ತಿತ್ತು, ನಾನು ಇಟ್ಟಿರಲಿಲ್ಲ.

ಎಕ್ಸೆಪ್ಷನ್ (ಪ್ರೋಗ್ರಾಂ ತಾನೇ ಹಿಡಿಯಬಹುದಾದ ತಪ್ಪು) ಹಿಡಿಯುವ ಸಿ++ ನ ಕ್ಯಾಚ್ ಇಲ್ಲಿ ಸಹಾಯಕ್ಕೆ ಬರಲ್ಲ. ಲಿನಕ್ಸ್‌ನಲ್ಲಿ ಮೆಮೊರಿ ತಪ್ಪು ಎಕ್ಸೆಪ್ಷನ್ ಆಗಿ ಬರುವುದಿಲ್ಲ, ಸಿಗ್ನಲ್ ಆಗಿ ಬರುತ್ತದೆ. ಹ್ಯಾಂಡ್ಲರ್ ಏನೂ ಸರಿಪಡಿಸದೆ ವಾಪಸ್ ಬಂದರೆ ಬೀಳಿಸಿದ ಇನ್‌ಸ್ಟ್ರಕ್ಷನ್ನೇ ಮತ್ತೆ ಓಡಿ ಮತ್ತೆ ಬೀಳುತ್ತದೆ. ಪ್ರಿಂಟ್‌ಎಫ್ ಕೂಡ ಅದರೊಳಗೆ ಕರೆಯುವಂತಿಲ್ಲ. ರೈಟ್, _ಎಕ್ಸಿಟ್‌ನಂಥ ಕೆಲವೇ ಕೆಲವನ್ನು ಧೈರ್ಯವಾಗಿ ಬಳಸಬಹುದು. ಸ್ಟ್ಯಾಕೇ (ಫಂಕ್ಷನ್‌ಗಳು ಓಡುವಾಗ ಬಳಸುವ ಮೆಮೊರಿ) ತುಂಬಿ ಬಿದ್ದಿದ್ದರೆ ಹ್ಯಾಂಡ್ಲರ್ ಓಡಲು ಸಿಗ್‌ಆಲ್ಟ್‌ಸ್ಟ್ಯಾಕ್‌ನಿಂದ ಬೇರೆ ಸ್ಟ್ಯಾಕ್ ಕೊಡಬೇಕು. ಒಬ್ಬನೇ ನೋಡಿಕೊಳ್ಳುವ ಕೆಲಸಕ್ಕೆ ಇದು ಜಾಸ್ತಿಯಾಯಿತು.

ಜಾವಾ ಈ ವಿಷಯದಲ್ಲಿ ನಿಜಕ್ಕೂ ಚೆನ್ನಾಗಿದೆ. ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ಪ್ರತಿ ಸಲವೂ ನಲ್ (ಏನನ್ನೂ ತೋರಿಸದ ಖಾಲಿ ಪಾಯಿಂಟರ್) ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. ಬೀಳಲು ಬಿಟ್ಟು, ಬಂದ ಸಿಗ್‌ಸೆಗ್‌ವಿಯನ್ನು ತಾನೇ ಹಿಡಿದು ನಲ್ ಪಾಯಿಂಟರ್ ಎಕ್ಸೆಪ್ಷನ್ ಮಾಡುತ್ತದೆ. ಯಾವುದು ನಲ್ ಆಗಿತ್ತು ಅಂತ ಹೆಸರು ಹೇಳುವ ಸೌಲಭ್ಯ ಜಾವಾ 14ರಲ್ಲಿ ಬಂತು, 15ರಿಂದ ತಾನಾಗಿಯೇ ಆನ್ ಇರುತ್ತದೆ. ಆದರೆ ಸೀರಿಯಲ್ ಪೋರ್ಟಿಗೆ ನಾನು ಬಳಸಿದ್ದು ಸಿ ಲೈಬ್ರರಿ. ಅದರೊಳಗೆ ಬಿದ್ದರೆ ಎಕ್ಸೆಪ್ಷನ್ ಇಲ್ಲ, ಜೆವಿಎಂ ಪೂರ್ತಿ ಮುಳುಗಿ, ಯಾಕೆ ಬಿತ್ತು ಅನ್ನುವ ಒಂದು ಎಚ್‌ಎಸ್_ಎರ್ ಫೈಲ್ ಬಿಟ್ಟು ಹೋಗುತ್ತದೆ. ಜೊತೆಗೆ ಜಾವಾಗೆ ಮೆಮೊರಿ ಜಾಸ್ತಿ ಬೇಕು. ಡೇರಿಯ ಕಂಪ್ಯೂಟರಿಗೆ ಇರುವುದು 2 ಜಿಬಿ ಮೆಮೊರಿ, ಅದರಲ್ಲೇ ಬಿಲ್ಲಿನ ಸಾಫ್ಟ್‌ವೇರ್ ಕೂಡ ಓಡಬೇಕು. ಮೆಮೊರಿ ಹಾಕಿಸಿ ಅಂತ ಕೇಳಲು ನನಗೆ ಮನಸ್ಸು ಬರಲಿಲ್ಲ.

ಗೋ ಮಾಡುವುದೂ ಹೆಚ್ಚು ಕಡಿಮೆ ಜಾವಾದ ಕೆಲಸವೇ. ನಿಲ್ (ಗೋದ ನಲ್) ಪಾಯಿಂಟರ್ ಮುಟ್ಟಿದರೆ ಗೋದ ರನ್‌ಟೈಮ್ ಸಿಗ್ನಲ್ ಹಿಡಿದು, ಬಿದ್ದ ಜಾಗದಲ್ಲೇ ಸಿಗ್‌ಪ್ಯಾನಿಕ್ ಅನ್ನುವ ಫಂಕ್ಷನ್ ಕರೆದಂತೆ ತಿರುಗಿಸಿಬಿಡುತ್ತದೆ. ಅಲ್ಲಿಂದ ಅದು ಮಾಮೂಲಿ ಪ್ಯಾನಿಕ್, ಎಕ್ಸೆಪ್ಷನ್ ಇದ್ದಂತೆ. ಉದ್ದನೆಯ ಸಾಲು ಬಂದು ಸ್ಲೈಸಿನ (ಗೋದಲ್ಲಿ ಅಂಕಿ, ಅಕ್ಷರಗಳನ್ನು ಸಾಲಾಗಿ ಇಡುವ ಪಟ್ಟಿ) ಅಂಚು ದಾಟಿದರೂ ಪ್ಯಾನಿಕ್, ಹೀಪ್ ಕೆಡುವುದಿಲ್ಲ. ಫಂಕ್ಷನ್ ಮುಗಿಯುವಾಗ ಓಡುವ ಡಿಫರ್ ಒಳಗೆ, ಪ್ಯಾನಿಕ್ ಹಿಡಿಯುವ ರಿಕವರ್ ಹಾಕಿದರೆ ಆ ಒಂದು ಸಾಲು ಬಿಟ್ಟು ಮುಂದೆ ಹೋಗಬಹುದು. ಯಾರೂ ಹಿಡಿಯದಿದ್ದರೆ ಫೈಲ್, ಸಾಲಿನ ನಂಬರ್ ಬರೆದು, ಎಕ್ಸಿಟ್ ಕೋಡ್ 2 ಕೊಟ್ಟು ಸಾಯುತ್ತದೆ. ಸಿಸ್ಟಮ್‌ಡಿ ಎರಡು ಸೆಕೆಂಡಿನಲ್ಲಿ ಎಬ್ಬಿಸುತ್ತದೆ. ನನಗೆ ಬೇಕಿದ್ದದ್ದು ಇದೇ.

ಒಂದು ಮ್ಯಾಪನ್ನು (ಹೆಸರು ಹಿಡಿದು ಬೆಲೆ ಹುಡುಕುವ ಪಟ್ಟಿ) ಎರಡು ಗೋರೂಟೀನ್ (ಗೋದ ಹಗುರ ಥ್ರೆಡ್) ಒಟ್ಟಿಗೆ ಬರೆಯುವುದು ಪತ್ತೆಯಾದರೆ ರಿಕವರ್ ಕೂಡ ನಡೆಯಲ್ಲ, ನೇರ ಸಾವು. ಅದೂ ನನಗೆ ಇಷ್ಟವೇ, ತಪ್ಪು ಅಂಕಿ ಇಟ್ಟುಕೊಂಡು ಓಡುವುದಕ್ಕಿಂತ ಸಾಯುವುದೇ ಮೇಲು.

ಗೋದಲ್ಲಿ ಕಿರಿಕಿರಿ ಇಲ್ಲವೇ? ಇದೆ. ರಿಕವರ್ ಅದೇ ಗೋರೂಟೀನ್‌ನಲ್ಲಿ ಇರಬೇಕು. ಮೇನ್‌ನಲ್ಲಿ ಹಾಕಿದ್ದು ಫ್ಯಾಟ್ ಯಂತ್ರದ ಗೋರೂಟೀನ್‌ಗೆ ಆಗಲ್ಲ. ಈಗ ಎರಡೂ ಕಡೆ ಹಾಕಿದ್ದೇನೆ, ಮತ್ತು ಸಾಲು ತಪ್ಪಾಗಿ ಬಂದ ತಕ್ಷಣ ಸ್ಕ್ರೀನಿನ ಅಂಕಿ ಅಳಿಸಿ ಅಡ್ಡಗೆರೆ ತೋರಿಸುತ್ತೇನೆ. ಅಡ್ಡಗೆರೆ ಕಂಡರೆ ಹಾಲನ್ನು ಮತ್ತೊಮ್ಮೆ ಇಡಬೇಕು ಅಂತ ಸೆಕ್ರೆಟರಿಗೂ ಗೊತ್ತು, ಅಜ್ಜಿಗೂ ಗೊತ್ತು.