ವೈಬಿ ರೇಸಸ್ ವಿಮರ್ಶೆ: ನಿಧಾನವಾದ ಚುಕ್ಕೆಯನ್ನು ಓದುವುದು ಹೇಗೆ

ಗೋಲ್ಡನ್ ಗ್ಲೋಬ್ ರೇಸ್‌ನಂಥ, ಭೂಮಿಯನ್ನೇ ಸುತ್ತುವ ಹಾಯಿದೋಣಿ ಪಂದ್ಯದಲ್ಲಿ ಒಬ್ಬಂಟಿ ನಾವಿಕರು ಎಲ್ಲಿದ್ದಾರೆ ಎಂದು ಮನೆಯಲ್ಲಿ ಕೂತು ನೋಡಲು ಇರುವ ಮುಖ್ಯ ಸಾಧನ ವೈಬಿ ಟ್ರ್ಯಾಕರ್. ಮೊಬೈಲಿನಲ್ಲಿ ವೈಬಿ ರೇಸಸ್ ಆ್ಯಪ್ ಹಾಕಿಕೊಳ್ಳಬಹುದು, ಕಂಪ್ಯೂಟರಿನಲ್ಲಿ ಬ್ರೌಸರ್ ಸಾಕು. 2018 ಮತ್ತು 2022ರ ಗೋಲ್ಡನ್ ಗ್ಲೋಬ್ ಎರಡನ್ನೂ ಜನ ನೋಡಿದ್ದು ಇದರಲ್ಲೇ. ಮುಂದೆ ಓಡುವವರನ್ನು ನೋಡಲು ಇದು ಸುಲಭ. ಕಷ್ಟದಲ್ಲಿರುವ ದೋಣಿಯೊಂದನ್ನು ವಾರಗಟ್ಟಲೆ ಹಿಂಬಾಲಿಸುವಾಗಲೇ ಇದರ ನಿಜವಾದ ಬೆಲೆಯೂ ಗೊತ್ತಾಗುತ್ತದೆ, ಕೊರತೆಯೂ ಗೊತ್ತಾಗುತ್ತದೆ. ಈ ವಿಮರ್ಶೆ ಆ ಬಳಕೆಯ ಬಗ್ಗೆ ಮಾತ್ರ.

ಮೊದಲು ಯಂತ್ರದ ವಿಷಯ. ದೋಣಿಯಲ್ಲಿರುವ ಪುಟ್ಟ ಪೆಟ್ಟಿಗೆ ಜಿಪಿಎಸ್‌ನಿಂದ ತನ್ನ ಸ್ಥಾನ ತಿಳಿದುಕೊಂಡು ಇರಿಡಿಯಂ ಉಪಗ್ರಹಗಳ ಮೂಲಕ ಚಿಕ್ಕ ಸಂದೇಶವಾಗಿ ಕಳಿಸುತ್ತದೆ. ಸುಮಾರು 780 ಕಿ.ಮೀ. ಎತ್ತರದಲ್ಲಿ ಸುತ್ತುವ ಇರಿಡಿಯಂನ 66 ಉಪಗ್ರಹಗಳು ಧ್ರುವದಿಂದ ಧ್ರುವದವರೆಗೆ ಇಡೀ ಭೂಮಿಯನ್ನು ಆವರಿಸುತ್ತವೆ. ಆದ್ದರಿಂದ ದಕ್ಷಿಣ ಹಿಂದೂ ಮಹಾಸಾಗರದ ನಟ್ಟನಡುವೆಯೂ ಚುಕ್ಕೆ ಸಿಗುತ್ತದೆ. ಮರೀನ್ ಟ್ರಾಫಿಕ್‌ನಂಥ ಹಡಗು ನೋಡುವ ಆ್ಯಪ್ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಅದರ ಉಚಿತ ಆವೃತ್ತಿ ನಂಬಿರುವುದು ದಡದ ಆಂಟೆನಾಗಳನ್ನು, ಅವು ಹಿಡಿಯುವುದು ಕರಾವಳಿಯಿಂದ ಕೆಲವು ಹತ್ತು ಮೈಲಿಯೊಳಗಿನ ಸಂಕೇತಗಳನ್ನು ಮಾತ್ರ.

ಆ್ಯಪ್ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸ್ಥಾನಪಟ್ಟಿಗೆ. ಅದನ್ನು ಕೊನೆಗೆ ನೋಡಿ. ದೋಣಿಯ ಮೇಲೆ ಒತ್ತಿ, ಕೊನೆಯ ಸ್ಥಾನ ಬಂದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ನೋಡಬೇಕು. ಅದು ಯುಟಿಸಿಯೋ ನಮ್ಮ ಸಮಯವೋ ಎಂದು ಖಾತ್ರಿ ಮಾಡಿಕೊಳ್ಳಿ, ನಡುವೆ ಐದೂವರೆ ಗಂಟೆಯ ಅಂತರವಿದೆ. ಹಳೆಯ ಚುಕ್ಕೆಯನ್ನು ಈಗಿನದೆಂದು ತಿಳಿದು ಗಾಬರಿಯಾಗುವವರೇ ಹೆಚ್ಚು. ಸ್ಥಾನ ಬರುವುದು ನಿಂತರೆ ಬ್ಯಾಟರಿ ಖಾಲಿಯಾಗಿರಬಹುದು, ಆಂಟೆನಾಕ್ಕೆ ಆಕಾಶ ಕಾಣದಿರಬಹುದು, ಪೆಟ್ಟಿಗೆಗೆ ನೀರು ಹೊಕ್ಕಿರಬಹುದು. ಸುಮ್ಮನಾದ ಚುಕ್ಕೆ ಎಂದರೆ ಮುಳುಗಿದ ದೋಣಿ ಎಂದಲ್ಲ.

ಆಮೇಲೆ ವೇಗ. ಎರಡು ಸ್ಥಾನಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ತೆಗೆದ ಸರಾಸರಿಗೂ ಆ ಕ್ಷಣದ ವೇಗಕ್ಕೂ ವ್ಯತ್ಯಾಸವಿದೆ. ನಾಲ್ಕು ಗಂಟೆಯಲ್ಲಿ 20 ನಾಟಿಕಲ್ ಮೈಲಿ ಎಂದರೆ 5 ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ ಎಂದರೆ ಒಂದು ನಾಟ್; ಮುಂದೆ ಮೈಲಿ ಎಂದಲ್ಲೆಲ್ಲ ನಾಟಿಕಲ್ ಮೈಲಿಯೇ). ಆದರೆ ಎದುರುಗಾಳಿಗೆ ಅಂಕುಡೊಂಕಾಗಿ ಏರುವ ದೋಣಿ ನಿಜವಾಗಿ 25 ಮೈಲಿ ಓಡಿರಬಹುದು. ಟ್ರ್ಯಾಕರ್ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯುತ್ತದೆ, ಆ ಐದು ಮೈಲಿ ಮಾಯವಾಗುತ್ತದೆ. ಹಾಗಾಗಿ ಒಂದು ಅಂಕಿಯನ್ನು ನಂಬಬೇಡಿ, 24 ಗಂಟೆಯ ದೂರವನ್ನು ಹಿಡಿಯಿರಿ.

ಎಷ್ಟು ವೇಗ ಆರೋಗ್ಯದ ಲಕ್ಷಣ ಎಂಬುದು ದೋಣಿಯ ಮೇಲೆ ನಿಂತಿದೆ. ಭಾರತದ ನಾವಿಕ ಅಭಿಲಾಷ್ ಟಾಮಿ 2022ರ ಗೋಲ್ಡನ್ ಗ್ಲೋಬ್‌ಗೆ ಒಯ್ದ 'ಬಯಾನತ್' ರಸ್ಲರ್ 36 ಮಾದರಿಯದು, ನೀರಿನ ಗೆರೆಯಲ್ಲಿ ಅದರ ಉದ್ದ 27 ಅಡಿಗೆ ಚೂರು ಕಡಿಮೆ. ಇಂಥ ಭಾರದ ಒಡಲಿಗೆ ಲೆಕ್ಕದ ಮಿತಿ ಸುಮಾರು 7 ನಾಟ್. ದಿನಕ್ಕೆ 120 ಮೈಲಿ, ಅಂದರೆ ಸರಾಸರಿ 5 ನಾಟ್ ಬಂದರೆ ಅದು ಗಟ್ಟಿ ಓಟ, ನಮ್ಮ ಲೆಕ್ಕದಲ್ಲಿ 222 ಕಿ.ಮೀ. ಒಬ್ಬಂಟಿಯಾಗಿ ಭೂಮಿ ಸುತ್ತುವ ಇನ್ನೊಂದು ಪಂದ್ಯವಾದ ವಾಂದೇ ಗ್ಲೋಬ್‌ನ ಹೊಸ ಕಾಲದ ವೇಗದ ದೋಣಿಗಳಿಗೆ ಈ ಅಳತೆಗೋಲು ಹಿಡಿದರೆ ತಪ್ಪಾಗುತ್ತದೆ. 2024ರ ಆ ಪಂದ್ಯದಲ್ಲಿ ಸೆಬಾಸ್ಟಿಯನ್ ಸಿಮೋನ್ 24 ಗಂಟೆಯಲ್ಲಿ 615 ಮೈಲಿ ಹೋದರು. ಅಲ್ಲಿ ಒಳ್ಳೆಯ ಗಾಳಿಯಲ್ಲೂ 10 ನಾಟ್ ಕಂಡರೆ ಏನೋ ಕೆಟ್ಟಿದೆ ಎಂದೇ ಅನುಮಾನಿಸಬೇಕು.

ವೇಗ ಕುಸಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಗಾಳಿಯೇ ಇಲ್ಲವೋ, ದೋಣಿಗೆ ಏನಾದರೂ ಆಗಿದೆಯೋ? ಟ್ರ್ಯಾಕರಿನ ಅತ್ಯುತ್ತಮ ಭಾಗ ಇಲ್ಲಿ ನೆರವಿಗೆ ಬರುತ್ತದೆ. ಕೆಳಗಿನ ಸಮಯದ ಪಟ್ಟಿಯನ್ನು ಎಳೆದು ಪಂದ್ಯವನ್ನು ಹಿಂದಕ್ಕೆ ಓಡಿಸಬಹುದು. ನೂರು ಮೈಲಿಯೊಳಗೆ ಇನ್ನೊಂದು ದೋಣಿ ಇದ್ದರೆ ಎರಡನ್ನೂ ಒಟ್ಟಿಗೆ ಓಡಿಸಿ ನೋಡಿ. ಎರಡೂ ನಿಧಾನವಾದರೆ ಗಾಳಿ ಬಿದ್ದಿದೆ. ಒಂದೇ ನಿಧಾನವಾದರೆ ತೊಂದರೆ ಆ ದೋಣಿಯದು. ಗೆರೆಯ ಆಕಾರವೂ ಮಾತಾಡುತ್ತದೆ. ಗಾಳಿಯಿಂದ ತಾನೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಮುರಿದಿದ್ದರೆ ಗೆರೆ ಹಾವಿನಂತೆ ಹೊರಳುತ್ತದೆ, ನಾವಿಕ ಮಲಗಿರಬಹುದಾದ ಹೊತ್ತಿನಲ್ಲಿ ಇನ್ನೂ ಹೆಚ್ಚು. ಬಿರುಗಾಳಿಯಲ್ಲಿ ಹಾಯಿ ಕುಗ್ಗಿಸಿ ದೋಣಿಯನ್ನು ತಡೆದು ನಿಲ್ಲಿಸಿದ್ದರೆ ಅದು ಒಂದೆರಡು ನಾಟ್ ವೇಗದಲ್ಲಿ ಗಾಳಿಯ ದಿಕ್ಕಿಗೆ ಓರೆಯಾಗಿ ಜಾರುತ್ತದೆ, ಗಾಳಿ ಇಳಿದ ಮೇಲೆ ಮತ್ತೆ ದಾರಿ ಹಿಡಿಯುತ್ತದೆ. ಗಾಳಿ ಇಳಿದರೂ ಅದೇ ಜಾರಾಟ ಮುಂದುವರಿದರೆ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಹೋಗಿರುವ ಸಾಧ್ಯತೆ ಇದೆ.

ಇನ್ನೊಂದು ಲಕ್ಷಣ ಬಹಳ ಮೆಲ್ಲಗೆ ಕಾಣುತ್ತದೆ. ಗೆರೆ ನೇರ, ದಿಕ್ಕು ಸರಿ, ಗಾಳಿ ಇದೆ, ಆದರೂ ದಿನದ ದೂರ ವಾರದಿಂದ ವಾರಕ್ಕೆ ಇಳಿಯುತ್ತದೆ, ಹಗುರ ಗಾಳಿಯಲ್ಲಂತೂ ತೀರಾ ಕಡಿಮೆ. ದೋಣಿಯ ತಳಕ್ಕೆ ಕಡಲಚಿಪ್ಪುಗಳಂಥ ಬಾರ್ನಕಲ್ ಹತ್ತಿಕೊಂಡಾಗ ಆಗುವುದು ಹೀಗೆ. ದೋಣಿ ನಿಧಾನವಾದಷ್ಟೂ ಅವು ಹೆಚ್ಚು ಹತ್ತುತ್ತವೆ. 2018ರ ಪಂದ್ಯದಲ್ಲಿ ಫಿನ್‌ಲೆಂಡಿನ ಟಾಪಿಯೊ ಲೆಹ್ಟಿನೆನ್ ಅವರ 'ಆಸ್ಟೀರಿಯಾ' ಹೀಗೆಯೇ ನರಳಿತು. ಗೆದ್ದ ಜಾನ್ ಲುಕ್ ವಾನ್ ಡೆನ್ ಹೀಡ್ ಸುಮಾರು 212 ದಿನಗಳಲ್ಲಿ ಮುಗಿಸಿದರೆ, ಟಾಪಿಯೊ ದಡ ಸೇರಿದ್ದು 322 ದಿನಗಳಿಗೆ, 2019ರ ಮೇ 19ರಂದು. ಆ ಪಂದ್ಯದ ಗೆರೆಗಳನ್ನು ಒಟ್ಟಿಗೆ ಓಡಿಸಿದರೆ ಉಳಿದವರೆಲ್ಲ ಮನೆ ಸೇರಿದ ಮೇಲೂ ಒಂದು ಚುಕ್ಕೆ ಅಟ್ಲಾಂಟಿಕ್‌ನಲ್ಲಿ ತೆವಳುತ್ತಿರುವುದು ಕಾಣುತ್ತದೆ. ಸೋತ ಗೆರೆ ಅಲ್ಲ ಅದು. ಇಡೀ ಟ್ರ್ಯಾಕರಿನಲ್ಲಿ ಅಷ್ಟು ಗೌರವ ಹುಟ್ಟಿಸುವ ಗೆರೆ ಇನ್ನೊಂದಿಲ್ಲ.

ಗಾಳಿಯ ವಿವರಕ್ಕೆ ಮಾತ್ರ ಟ್ರ್ಯಾಕರಿನ ನಕ್ಷೆಯನ್ನೇ ನೆಚ್ಚಬಾರದು. ಹವಾಮಾನದ ನಕ್ಷೆ ತೋರಿಸುವ ವಿಂಡಿ ಆ್ಯಪ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅದರಲ್ಲಿ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರವಾದ ಇಸಿಎಂಡಬ್ಲ್ಯುಎಫ್‌ನ ಮಾದರಿಯನ್ನು ಆರಿಸಿ (ಸುಮಾರು 9 ಕಿ.ಮೀ. ಚೌಕಗಳು), ಗಾಳಿಯ ಜೊತೆ ಅಲೆಯ ಪದರವನ್ನೂ ನೋಡಿ. ದೋಣಿಯ ಸ್ಥಾನವನ್ನು ಹುಡುಕುವ ಜಾಗದಲ್ಲಿ ಹಾಕುವಾಗ ಬಹುಪಾಲು ಜನ ಎಡವುವುದು ಒಂದೇ ಕಡೆ. ಸ್ಥಾನ 38 ಡಿಗ್ರಿ 54 ಮಿನಿಟ್ ದಕ್ಷಿಣ, 78 ಡಿಗ್ರಿ ಪೂರ್ವ ಎಂದಿದೆ ಅಂದುಕೊಳ್ಳಿ. ಅದನ್ನು 38.54 ಎಂದು ಬರೆಯುವಂತಿಲ್ಲ. ಮಿನಿಟನ್ನು 60ರಿಂದ ಭಾಗಿಸಬೇಕು, 54 ಭಾಗಿಸು 60 ಎಂದರೆ 0.9, ಹಾಗಾಗಿ 38.9. ತಪ್ಪಾಗಿ ಹಾಕಿದರೆ 21 ಮೈಲಿಗೂ ಹೆಚ್ಚು ದೂರದ ಗಾಳಿಯನ್ನು ನೋಡುತ್ತಿರುತ್ತೀರಿ. ಬಿಸಿ ಮತ್ತು ತಂಪು ಗಾಳಿರಾಶಿಗಳ ನಡುವಿನ ಅಂಚು ಹಾದುಹೋಗುವ ಹೊತ್ತಿನಲ್ಲಿ ಅಷ್ಟು ದೂರದೊಳಗೇ ಗಾಳಿಯ ದಿಕ್ಕು ಬೇರೆಯಾಗಿರಬಹುದು. ದಕ್ಷಿಣಕ್ಕೆ ಮೈನಸ್ ಗುರುತು ಬೇಕು: -38.9, 78. ಮೈನಸ್ ಬಿಟ್ಟರೆ ನಕ್ಷೆ ನಿಮ್ಮನ್ನು ಚೀನಾದ ತಕ್ಲಾಮಕಾನ್ ಮರಳುಗಾಡಿಗೆ ಒಯ್ಯುತ್ತದೆ. ಗಾಳಿಯನ್ನು ಹೆಸರಿಸುವುದು ಅದು ಬರುವ ದಿಕ್ಕಿನಿಂದ, ದೋಣಿಯನ್ನು ಅದು ಹೋಗುವ ದಿಕ್ಕಿನಿಂದ, ಇದೂ ನೆನಪಿರಲಿ. 270 ಡಿಗ್ರಿಯ ಗಾಳಿಯಲ್ಲಿ 90 ಡಿಗ್ರಿಗೆ ಹೋಗುವ ದೋಣಿಗೆ ಗಾಳಿ ಬೆನ್ನ ಹಿಂದೆಯೇ ಇದೆ.

ಆ ಸಮುದ್ರಭಾಗವನ್ನು ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣವಿದೆ. 2018ರ ಸೆಪ್ಟೆಂಬರ್ 21ರಂದು, ಪರ್ತ್‌ನಿಂದ ಸುಮಾರು 1,900 ಮೈಲಿ ಪಶ್ಚಿಮಕ್ಕೆ, ಬಿರುಗಾಳಿಯಲ್ಲಿ ಅಭಿಲಾಷ್ ಅವರ 'ತುರಿಯಾ' ಮಗುಚಿ ಎದ್ದಿತು, ಕೂವೆಮರ ಮುರಿಯಿತು, ಅವರ ಬೆನ್ನಿಗೆ ತೀವ್ರ ಪೆಟ್ಟಾಗಿ ಏಳಲಾಗಲಿಲ್ಲ. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರ ದೋಣಿಯ ಕೂವೆಮರವೂ ಹೋಯಿತು. ನೌಕಾಪಡೆಯ ಪಿ-8ಐ ವಿಮಾನ ತುರಿಯಾವನ್ನು ಕಂಡುಹಿಡಿಯಿತು, ಫ್ರಾನ್ಸಿನ ಮೀನುಗಾರಿಕೆ ಗಸ್ತು ಹಡಗು ಒಸಿರಿಸ್ ಸೆಪ್ಟೆಂಬರ್ 24ರಂದು ಅವರನ್ನು ಎತ್ತಿಕೊಂಡಿತು. ನೋಡುವವರಿಗೆ ಆ ಮೂರು ದಿನ ಕಂಡದ್ದು ತೇಲುವ ಚುಕ್ಕೆ ಮಾತ್ರ. ಒಳಗಿನ ಸಂಗತಿ ಗೊತ್ತಾಗಿದ್ದು ಅವರು ಕಳಿಸಿದ ತುಂಡು ಸಂದೇಶಗಳಿಂದ, ಸಂಘಟಕರು ಅವನ್ನು ಪ್ರಕಟಿಸಿದ್ದರಿಂದ. ಚುಕ್ಕೆಯ ಜೊತೆಗೆ ಸಂಘಟಕರ ದಿನದ ವರದಿಯನ್ನೂ ಓದಿ ಎನ್ನುವುದು ಅದಕ್ಕೇ. ಆಪತ್ತಿನ ಬೀಕನ್, ಅಂದರೆ 406 ಮೆಗಾಹರ್ಟ್ಸ್‌ನ ಇಪರ್ಬ್, ಸಂಕೇತ ಕಳಿಸುವುದು ರಕ್ಷಣಾ ಕೇಂದ್ರಗಳಿಗೆ. ಈ ಆ್ಯಪ್‌ಗೂ ಅದಕ್ಕೂ ಸಂಬಂಧವಿಲ್ಲ.

ಸ್ಥಾನಪಟ್ಟಿಯ ವಿಷಯಕ್ಕೆ ಬರೋಣ. ಅದು ಗುರಿಗೆ ಉಳಿದ ದೂರದ ಲೆಕ್ಕ, ನಡುವಿನ ಗಾಳಿಯ ಲೆಕ್ಕ ಅಲ್ಲ. ಒಳ್ಳೆಯ ಗಾಳಿಗಾಗಿ ದಕ್ಷಿಣಕ್ಕೆ ಇಳಿದ ದೋಣಿ ಎರಡು ದಿನ ಹಿಂದೆ ಬಿದ್ದಂತೆ ಕಂಡು ಮೂರನೆಯ ದಿನ ಮುಂದೆ ಬರುತ್ತದೆ. 2022ರ ಗೋಲ್ಡನ್ ಗ್ಲೋಬ್‌ನ ಕೊನೆಯಲ್ಲಿ, 2023ರ ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೊಯ್‌ಶೇಫರ್ ಮತ್ತು ಅಭಿಲಾಷ್ ಅಟ್ಲಾಂಟಿಕ್ ಹತ್ತಿ ಬರುವಾಗ ನೋಡುಗರನ್ನು ತುದಿಗಾಲಲ್ಲಿ ನಿಲ್ಲಿಸಿದ್ದು ಈ ಪಟ್ಟಿಯೇ. ಕರ್ಸ್ಟನ್ 27ರಂದು ಮುಟ್ಟಿದರು, ಅಭಿಲಾಷ್ 29ರಂದು. ಈ ಪಂದ್ಯದಲ್ಲಿ ನಾವಿಕರು ಜಿಪಿಎಸ್ ನೋಡುವಂತಿಲ್ಲ, ಸೆಕ್ಸ್‌ಟಂಟ್ ಹಿಡಿದು ಸೂರ್ಯ ನಕ್ಷತ್ರ ಅಳೆದೇ ದಾರಿ ಹುಡುಕಬೇಕು. ತಾನು ಗೆದ್ದದ್ದು ಕರ್ಸ್ಟನ್‌ಗೆ ತಿಳಿದದ್ದು ಪಂದ್ಯದ ಕೊನೆಯ ಗೆರೆಯ ಬಳಿ ಬಂದ ಮೇಲೆಯೇ. ಮುಂದೆ ಗಾಳಿಯಿಲ್ಲದ ಹೊಂಡವಿದೆ ಎಂದು ನಮಗೆ ವಿಂಡಿಯಲ್ಲಿ ಕಾಣುತ್ತಿರುತ್ತದೆ, ಅದರೊಳಗೆ ನುಗ್ಗುತ್ತಿರುವವರಿಗೆ ಕಾಣುವುದಿಲ್ಲ. ನೋಡುತ್ತಾ ಕೂತಾಗ ಎದೆ ಹಿಂಡುವುದು ಇದೇ.

ಒಟ್ಟು ಅಂಕ 5ಕ್ಕೆ 4. ಹಿಂದಕ್ಕೆ ಓಡಿಸುವ ಸೌಲಭ್ಯಕ್ಕೆ ಮತ್ತು ಎಂಥ ಕಡಲಲ್ಲೂ ಸಿಗುವ ಸ್ಥಾನಕ್ಕೆ ಪೂರ್ತಿ ಅಂಕ. ದೋಣಿ ಏಕೆ ನಿಧಾನವಾಯಿತು ಎಂಬುದಕ್ಕೆ ಸುಳಿವನ್ನು ಬೇರೆ ಕಡೆ ಹುಡುಕಬೇಕಾದ್ದರಿಂದ ಒಂದು ಅಂಕ ಕಡಿಮೆ. ಹೊಸಬರು ನಡೆಯುತ್ತಿರುವ ಪಂದ್ಯಕ್ಕೆ ಕಾಯದೆ 2018ರ ಗೋಲ್ಡನ್ ಗ್ಲೋಬ್ ತೆರೆದು ಸೆಪ್ಟೆಂಬರ್ 15ರಿಂದ 25ರವರೆಗೆ ಓಡಿಸಲಿ. ತುರಿಯಾ ಮತ್ತು ಗ್ರೆಗರ್ ಅವರ ದೋಣಿಯ ಗೆರೆಗಳು ಎಲ್ಲಿ ಓಟ ಬಿಟ್ಟು ಜಾರಾಟಕ್ಕೆ ತಿರುಗುತ್ತವೆ ಎಂದು ಗುರುತಿಸಲಿ.