ಎಷ್ಟನೇ ಪೆಲೆಟ್‌ಗೆ ಸಿಕ್ಕಾಕೊಳ್ತು ಅಂತ ಬರ್ಕೊಳ್ಳಿ: ಹತ್ತರ ಮ್ಯಾಗಝೀನ್ ಇರೋ ಏರ್ ರೈಫಲ್, ಎಂಟು ತಿಂಗಳು ಬಳಸಿದ ಮೇಲೆ

ಈ ರೈಫಲ್ ತಗೊಂಡು ಎಂಟು ತಿಂಗಳಾಯ್ತು. ಮೊದಲ ಎರಡು ತಿಂಗಳಲ್ಲೇ ರಿವ್ಯೂ ಬರೆದಿದ್ರೆ ಒಂದೇ ಒಂದು ಸ್ಟಾರ್ ಕೊಟ್ಟು ಬೈದು ಬಿಟ್ಬಿಡ್ತಿದ್ದೆ, ಅಷ್ಟು ತಲೆ ಕೆಟ್ಟಿತ್ತು. ಬರೀದೇ ಇದ್ದಿದ್ದು ಒಳ್ಳೇದಾಯ್ತು, ಯಾಕಂದ್ರೆ ಆಗ ನಾನು ರೈಫಲ್ ಮೇಲೆ ಹೊರಿಸ್ತಿದ್ದ ತಪ್ಪಲ್ಲಿ ಮುಕ್ಕಾಲು ಭಾಗ ರೈಫಲ್‌ದಲ್ಲ ಅಂತ ಈಗ ಗೊತ್ತಾಗಿದೆ. ಮಿಕ್ಕ ಕಾಲು ಭಾಗ ಮಾತ್ರ ನಿಜವಾಗ್ಲೂ ಕಂಪನಿದೇ. ಕಂಪನಿ ಹೆಸರು ಹಾಕಲ್ಲ, ಇದೇ ಥರ ಮ್ಯಾಗಝೀನ್, ಅಂದ್ರೆ ಪೆಲೆಟ್ (ಸೀಸದ ಸಣ್ಣ ಗುಂಡು) ತುಂಬಿಡೋ ಭಾಗ, ತುಂಬಾ ಕಂಪನಿಗಳ ರೈಫಲಲ್ಲಿ ಬರತ್ತೆ, ನಾನು ಬರೀತಿರೋದು ಅವರೆಲ್ಲರಿಗೂ ಉಪಯೋಗಕ್ಕೆ ಬರ್ಲಿ ಅಂತ.

ಏನಿದು ಅಂದ್ರೆ 4.5 ಎಂಎಂ ಪಿಸಿಪಿ ರೈಫಲ್, ಅಂದ್ರೆ ಸಿಲಿಂಡರಿಗೆ ಮೊದಲೇ 200 ಬಾರ್ ಒತ್ತಡದ ತನಕ ಗಾಳಿ ತುಂಬಿ ಇಟ್ಕೊಳ್ಳೋದು, ಆಮೇಲೆ ಸೈಡ್ ಲಿವರ್ ಎಳೆದು ತಳ್ಳಿದ್ರೆ ಮ್ಯಾಗಝೀನ್ ಒಳಗಿನ ಚಕ್ರ ಒಂದು ಮನೆ ತಿರುಗಿ ಮುಂದಿನ ಪೆಲೆಟ್ ಬ್ಯಾರಲ್‌ಗೆ, ಅಂದ್ರೆ ನಳಿಗೆಗೆ, ಹೋಗತ್ತೆ. ಹತ್ತು ಪೆಲೆಟ್ ಹಿಡಿಯತ್ತೆ. ಬೋರ್ (ನಳಿಗೆ ಒಳಗಿನ ಅಗಲ) 4.5 ಎಂಎಂ ಮೀರ್ಬಾರ್ದು, ಪವರ್ 20 ಜೂಲ್ ದಾಟ್ಬಾರ್ದು, ಅದರೊಳಗಿದ್ರೆ ಲೈಸೆನ್ಸ್ ಬೇಡ, 2016ರ ಆರ್ಮ್ಸ್ ರೂಲ್ಸ್ ಪ್ರಕಾರ. ಅಂಗಡಿಯವ್ರು ಐಡಿ ಕಾಪಿ ಇಸ್ಕೊಂಡು ಬಿಲ್ ಕೊಟ್ರು, ಆ ಬಿಲ್ಲನ್ನ ಜೋಪಾನ ಮಾಡಿ, ರೈಫಲ್ ಬ್ಯಾಗಲ್ಲೇ ಒಂದು ಜೆರಾಕ್ಸ್ ಇಟ್ಟಿರಿ. ಪಾರಿವಾಳ, ಕೋತಿ ಓಡ್ಸಕ್ಕೆ ಅಂತ ತಗೊಳ್ಳೋರು ದಯವಿಟ್ಟು ತಗೋಬೇಡಿ, ಇದು ಕಾಗದಕ್ಕೆ ಗುರಿ ಇಡೋ ವಸ್ತು ಅಷ್ಟೇ.

ನಾನು ಹೊಡೆಯೋ ಜಾಗ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನಮ್ಮನೆ ಕೆಳಗಿರೋ ಗೋಡೌನು. ಟೇಪ್ ಹಿಡಿದು ಅಳೆದ್ರೆ ಸರಿಯಾಗಿ 33 ಅಡಿ, ಹತ್ತು ಮೀಟರ್ ಅಲ್ಲಿಂದಲ್ಲಿಗೆ ಆಗತ್ತೆ. ಕೊನೇಲಿ ಮರಳು ತುಂಬಿದ ಮರದ ಪೆಟ್ಟಿಗೆ, ಅದರ ಹಿಂದೆ ದಪ್ಪ ಕಬ್ಬಿಣದ ತಗಡು, ಅದರ ಹಿಂದೆ ಗೋಡೆ. ಬಾಗಿಲಿಗೆ ಒಳಗಿಂದ ಚಿಲಕ ಹಾಕದೇ ರೈಫಲ್ ಕವರಿಂದ ಆಚೆ ಬರಲ್ಲ. ಮಗಳು ಒಂದು ಕ್ಲಬ್ಬಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಲೀತಿದಾಳೆ, ಅವಳ ಜೊತೆ ಹೋಗಿ ಹೋಗಿ ನಂಗೂ ಆಸೆ ಹತ್ತಿದ್ದು. ನಮ್ಮೂರಿನ ಪ್ರಕಾಶ್ ನಂಜಪ್ಪ ಅವರು ಪಿಸ್ತೂಲ್ ಹಿಡಿದು 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋಗಿದ್ರಲ್ಲ, ಅವಳಿಗೆ ಅವರ ಮೇಲೆ ಭಾರಿ ಅಭಿಮಾನ.

ರೈಫಲ್ಲಿನ ಒಳ್ಳೇದು ಬೇಗ ಹೇಳ್ಬಿಡ್ತೀನಿ. ಟ್ರಿಗರ್ ಮೆತ್ತಗಿದೆ, ಸ್ಪ್ರಿಂಗ್ ರೈಫಲ್ ಥರ ಒದೆಯಲ್ಲ, ಬ್ಯಾರಲ್ ಚೆನ್ನಾಗಿದೆ, ಪೆಲೆಟ್ ಸರಿಯಾಗಿ ಹೋದಾಗ ಹತ್ತೂ ಒಂದು ರೂಪಾಯಿ ನಾಣ್ಯದ ಒಳಗೆ ಬೀಳತ್ತೆ. ಕೈಪಂಪಲ್ಲಿ ಗಾಳಿ ತುಂಬೋದು ಒಂದು ವ್ಯಾಯಾಮ, ಕೊನೆಯ 50 ಬಾರ್‌ಗೆ ಪೂರ್ತಿ ಮೈಭಾರ ಹಾಕ್ಬೇಕು. ಮಧ್ಯ ಮಧ್ಯ ಪಂಪ್ ಆರಕ್ಕೆ ಬಿಡಿ, ಮಳೆಗಾಲದಲ್ಲಂತೂ ಪಂಪಿನ ಅಡಿಯ ಸ್ಕ್ರೂ ಬಿಚ್ಚಿ ನೀರಿನ ಪಸೆ ಹೊರಗೆ ಹೋಗೋಕೆ ಬಿಡ್ಲೇಬೇಕು.

ಈಗ ಗೋಳಿನ ವಿಷಯ. ತಗೊಂಡ ಮೊದಲ ವಾರದಿಂದಲೇ ಲಿವರ್ ಮುಂದೆ ತಳ್ಳುವಾಗ ಅರ್ಧದಲ್ಲಿ ನಿಂತೋಗೋದು. ಜೋರಾಗಿ ತಳ್ಳಿದ್ರೆ ಕರ್ ಅಂತ ಸದ್ದು ಮಾಡಿ ಹೋಗೋದು, ಆ ಗುಂಡು ಕಾಗದದಲ್ಲಿ ಎಲ್ಲೋ ಮೂಲೆಗೆ ಬೀಳೋದು. ಕೆಲವು ಸಲ ಚಕ್ರ ತಿರುಗೋದೇ ಇಲ್ಲ, ಲಿವರ್ ಸಲೀಸಾಗಿ ಹೋಗತ್ತೆ, ಟ್ರಿಗರ್ ಒತ್ತಿದ್ರೆ ಬರೀ ಗಾಳಿ. ಸರ್ವೀಸಿಗೆ ಕೊರಿಯರ್ ಮಾಡ್ದೆ, ಮೂರು ವಾರ ಇಟ್ಕೊಂಡು ಟೆಸ್ಟೆಡ್ ಓಕೆ ಅಂತ ಒಂದು ಚೀಟಿ ಅಂಟಿಸಿ ವಾಪಸ್ ಕಳ್ಸಿದ್ರು. ಏನು ನೋಡಿದ್ರು, ಯಾವ ಪೆಲೆಟ್ ಹಾಕಿ ನೋಡಿದ್ರು, ಒಂದು ಮಾತಿಲ್ಲ. ಫೋನ್ ಮಾಡಿದ್ರೆ ಸರ್ ನೀವು ಲೋಡ್ ಮಾಡೋದು ಸರಿ ಇಲ್ಲ ಅಂದ್ರು. ಸರಿ ಇಲ್ಲ ಅಂದ್ರೆ ಹೇಗೆ ಸರಿ ಮಾಡ್ಕೊಳ್ಳೋದು ಅಂತ ಹೇಳ್ಬೇಕಲ್ವಾ? ಜೊತೇಲಿ ಬಂದಿರೋ ಬುಕ್ಕಲ್ಲಿ ಮ್ಯಾಗಝೀನ್ ಬಗ್ಗೆ ಇರೋದು ನಾಲ್ಕು ಸಾಲು, ಒಂದು ಬೆರಳುದ್ದದ ಚಿತ್ರ. ಇದಕ್ಕೇ ನಾನು ಒಂದು ಸ್ಟಾರ್ ಪೂರ್ತಿ ಕಟ್ ಮಾಡಿರೋದು.

ದಾರಿ ತೋರ್ಸಿದ್ದು ನಮ್ಮ ಭಾವ. ಅಕ್ಕನ ಯಜಮಾನ್ರು, ಪೀಣ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟು ಇಪ್ಪತ್ತು ವರ್ಷದ ಮೇಲಾಯ್ತು. ಭಾನುವಾರ ಊಟಕ್ಕೆ ಬಂದಿದ್ರು, ನಾನು ಗೋಳು ಹೇಳ್ಕೊಂಡೆ. ಅವರು ರೈಫಲ್ ಮುಟ್ಟೋಕೆ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟನೇದಕ್ಕೆ ಸಿಕ್ಕಾಕೊಳ್ಳತ್ತೆ?”

“ಅದೇನು ಲೆಕ್ಕ ಇಲ್ಲ ಭಾವ, ಯಾವಾಗಂದ್ರೆ ಆವಾಗ.”

“ಬರ್ದಿದೀಯಾ?”

“ಇಲ್ಲ.”

“ಮತ್ತೆ ಯಾವಾಗಂದ್ರೆ ಆವಾಗ ಅಂತ ಹೆಂಗಪ್ಪ ಹೇಳ್ತೀಯ? ನೂರು ಹೊಡಿ, ಬರ್ಕೊಂಡು ಬಾ, ಆಮೇಲೆ ಮಾತಾಡೋಣ.”

ಮ್ಯಾಗಝೀನಿನ ಹತ್ತು ತೂತಿಗೂ ಪರ್ಮನೆಂಟ್ ಮಾರ್ಕರಲ್ಲಿ ನಂಬರ್ ಹಾಕಿ, ಮಗಳ ಹಳೇ ಗಣಿತದ ನೋಟ್‌ಬುಕ್ಕಲ್ಲಿ ಹತ್ತು ಸಾಲು ಹತ್ತು ಮನೆ ಗೆರೆ ಹಾಕಿ, ಎರಡು ಸಂಜೆ ಕೂತು ನೂರು ಹೊಡೆದು ಸಿಕ್ಕಾಕೊಂಡ ಕಡೆಯೆಲ್ಲ ಇಂಟು ಹಾಕಿದೆ. ನೋಡಿದ್ರೆ ಒಂದೇ ಕಾಯಿಲೆ ಅಲ್ಲ, ಮೂರು ಕಾಯಿಲೆ ಒಟ್ಟಿಗೆ ಇತ್ತು, ಅದಕ್ಕೇ ಲೆಕ್ಕ ಇಲ್ಲ ಅನ್ನಿಸ್ತಿತ್ತು. ಅಲ್ಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಇಂಟುಗಳು ಒಂದು ಗುಂಪು, ನಾಲ್ಕನೇ ತೂತಲ್ಲಿ ಪದೇ ಪದೇ ಬಿದ್ದಿದ್ದು ಇನ್ನೊಂದು, ಒಂಬತ್ತು ಹತ್ತರಲ್ಲಿ ಚಕ್ರ ತಿರುಗದೇ ನಿಂತಿದ್ದು ಮೂರನೇದು. ಭಾವ ಹೇಳಿದ್ದು ಇಷ್ಟು: ಎಲ್ಲೆಲ್ಲೋ ಸಿಕ್ಕಾಕೊಂಡ್ರೆ ಮಾಲಲ್ಲಿ ತಪ್ಪಿದೆ, ಅಂದ್ರೆ ಪೆಲೆಟಲ್ಲಿ. ಒಂದೇ ತೂತಲ್ಲಿ ಆದ್ರೆ ಆ ತೂತಲ್ಲೇ ಏನೋ ಇದೆ. ಕೊನೆಗೊನೆಗೆ ಆದ್ರೆ ಸ್ಪ್ರಿಂಗು, ಯಾಕಂದ್ರೆ ಸ್ಪ್ರಿಂಗ್ ಬಿಚ್ಕೊಳ್ತಾ ಬಿಚ್ಕೊಳ್ತಾ ಕೊನೇ ಎರಡರ ಹೊತ್ತಿಗೆ ಜೋರು ಕಮ್ಮಿ ಆಗಿರತ್ತೆ.

ಮೊದಲು ಪೆಲೆಟ್. ನಾನು ಹಾಕ್ತಿದ್ದಿದ್ದು ಕಮ್ಮಿ ಬೆಲೇದು. ಪೆಲೆಟ್ ಅಂದ್ರೆ ಮೆತ್ತನೆ ಸೀಸ, ಮುಂದೆ ಗಟ್ಟಿ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ತೆಳ್ಳಗೆ ಅಗಲವಾಗಿರೋ ಸ್ಕರ್ಟು. ಆ ಸ್ಕರ್ಟ್ ಎಷ್ಟು ತೆಳು ಅಂದ್ರೆ ಡಬ್ಬಿ ಕೈಜಾರಿ ಒಂದು ಸಲ ನೆಲಕ್ಕೆ ಬಿದ್ರೂ ಸಾಕು, ಎಷ್ಟೋ ಪೆಲೆಟ್ ಅಂಡಾಕಾರ ಆಗಿರತ್ತೆ. ಕಿಟಕಿ ಗಾಜಿನ ಒಂದು ಚೂರು ಸ್ವಲ್ಪ ಓರೆಯಾಗಿ ಇಟ್ಟು ಒಂದೊಂದೇ ಉರುಳಿಸಿ ನೋಡಿ. ಒಳ್ಳೇದು ತಲೆ ಕಡೆಗೆ ತಿರುಗ್ತಾ ನುಣುಪಾಗಿ ಬಿಲ್ಲಿನ ಥರ ಬಾಗಿ ಉರುಳತ್ತೆ, ಜಜ್ಜಿರೋದು ಟಕ ಟಕ ಅಂತ ಕುಣೀತಾ ಹೋಗತ್ತೆ ಇಲ್ಲಾ ಅರ್ಧದಲ್ಲೇ ನಿಲ್ಲತ್ತೆ. ನನ್ನ ಡಬ್ಬೀಲಿ ನೂರು ಉರುಳಿಸಿದ್ರಲ್ಲಿ ಹತ್ತೊಂಬತ್ತು ಕುಣೀತು. ಡಬ್ಬಿ ತಳದಲ್ಲಿ ಸೀಸದ ಪುಡಿ ಬೇರೆ, ಕೈಗೆ ಬೂದಿ ಥರ ಅಂಟ್ಕೊಳ್ಳೋದು.

ಆಮೇಲೆ ಜೆಎಸ್‌ಬಿ ಎಕ್ಸಾಕ್ಟ್ ಅನ್ನೋ ಪೆಲೆಟ್, 8.44 ಗ್ರೇನ್ ತೂಕದ್ದು, ತರ್ಸಿದೆ, ಚೆಕ್ ದೇಶದ್ದು, ತಲೆ 4.52 ಎಂಎಂ. ಬೆಲೆ ಜಾಸ್ತಿ, ಆದ್ರೆ ಉರುಳಿಸಿ ನೋಡಿದ್ರೆ ಆ ಡಬ್ಬೀಲಿ ಕುಣಿಯೋದು ಒಂದೂ ಸಿಗ್ಲಿಲ್ಲ, ನೋಟ್‌ಬುಕ್ಕಲ್ಲಿ ಚೆಲ್ಲಾಪಿಲ್ಲಿ ಇಂಟುಗಳು ಪೂರ್ತಿ ಮಾಯ. ತಲೆ ಅಳತೆ ಒಂದು ಎಂಎಂನ ನೂರನೇ ಒಂದು ಭಾಗ ವ್ಯತ್ಯಾಸ ಆದ್ರೂ ಲಿವರಲ್ಲಿ ಕೈಗೆ ಗೊತ್ತಾಗತ್ತೆ. ನಿಮ್ಮ ಬ್ಯಾರಲ್‌ಗೆ 4.50 ಹಿಡಿಸ್ಬಹುದು, 4.51 ಹಿಡಿಸ್ಬಹುದು, ಒಂದೊಂದು ಡಬ್ಬಿ ತಗೊಂಡು ನೋಡೋದೇ ಸರಿ. ಸೀಸ ಮುಟ್ಟಿದ ಕೈಯಲ್ಲಿ ಏನೂ ತಿನ್ಬೇಡಿ, ಸೋಪ್ ಹಾಕಿ ತೊಳೀರಿ. ಪೆಲೆಟ್ ಮೇಲೆ ಬೆಳ್ಳಗೆ ಬೂಷ್ಟು ಹಿಡಿದಂಗೆ ಪುಡಿ ಬಂದಿದ್ರೆ ಆ ಡಬ್ಬಿ ಮಕ್ಕಳ ಕೈಗೆ ಸಿಗೋ ಕಡೆ ಇಡ್ಲೇಬೇಡಿ.

ನಾಲ್ಕನೇ ತೂತು. ಭಾವ ವಾಚ್ ರಿಪೇರಿಯವ್ರು ಹಾಕೋ ಥರದ ಕಣ್ಣಿನ ಲೆನ್ಸ್ ತಂದಿದ್ರು, ಅದ್ರಲ್ಲಿ ನೋಡಿದ್ರೆ ತೂತಿನ ಅಂಚಲ್ಲಿ ಕೂದಲೆಳೆಯಷ್ಟು ಪ್ಲಾಸ್ಟಿಕ್ ಬರ್, ಅಂದ್ರೆ ಚೂಪಾದ ಎಳೆ, ನಿಂತಿತ್ತು, ಮೋಲ್ಡಿಂಗಲ್ಲಿ ಉಳ್ಕೊಂಡಿದ್ದು. ಅದರಲ್ಲಿ ಹೋದ ಪೆಲೆಟ್ ಒಂದನ್ನ ಹೊರಗೆ ತೆಗೆದು ತೋರ್ಸಿದ್ರು, ಒಂದೇ ಪಕ್ಕದಲ್ಲಿ ಮಿರಮಿರ ಅಂತ ಗೀಚಿದ ಗುರುತು. ಇದು ನೆನಪಿಟ್ಕೊಳ್ಳಿ, ಎಲ್ಲಾ ತೂತಿನ ಪೆಲೆಟ್ಟಿಗೂ ಒಂದೇ ಪಕ್ಕ ಗೀಚ್ತಿದ್ರೆ ಮ್ಯಾಗಝೀನ್ ಬ್ಯಾರಲ್‌ಗೆ ನೇರ ಕೂತಿಲ್ಲ ಅಂತ ಅರ್ಥ, ಒಂದೇ ತೂತಿಂದಕ್ಕೆ ಇದ್ರೆ ಆ ತೂತಿಂದೇ ತಪ್ಪು. ಇದು ಖಂಡಿತ ಕಂಪನಿ ತಪ್ಪು. ಮೂರು ವಾರ ಇಟ್ಕೊಂಡೋರು ಲೆನ್ಸ್ ಹಾಕಿ ಒಂದು ನಿಮಿಷ ನೋಡಿದ್ರೆ ಸಿಗ್ತಿತ್ತು. ಭಾವ ಚೂಪು ಬ್ಲೇಡ್ ತುದೀಲಿ ಅದೊಂದೇ ಎಳೆ ಎತ್ತಿದ್ರು, ತೂತು ದೊಡ್ಡದು ಮಾಡ್ಲಿಲ್ಲ. ಮನೇಲಿ ಡ್ರಿಲ್ ಹಾಕೋಕೆ ಹೋಗ್ಬೇಡಿ, ಮ್ಯಾಗಝೀನ್ ಹೋಗ್ಬಿಡತ್ತೆ.

ಸ್ಪ್ರಿಂಗ್ ಕೆಲಸ ಸುಲಭ, ತಾಳ್ಮೆ ಬೇಕು. ನಡುವಿನ ಸ್ಕ್ರೂ ಬಿಚ್ಚಿ ಪಾರದರ್ಶಕ ಮುಚ್ಚಳ ತೆಗೆದ್ರೆ ಒಳಗೆ ಚಕ್ರ, ಅದರ ಕೆಳಗೆ ಸಣ್ಣ ಸುರುಳಿ ಸ್ಪ್ರಿಂಗ್. ತೆಗಿಯುವಾಗ ಫೋಟೋ ಹೊಡ್ಕೊಳ್ಳಿ, ಬಿಳೀ ಟವಲ್ ಮೇಲೆ ಬಿಚ್ಚಿ, ಸ್ಪ್ರಿಂಗ್ ಹಾರಿದ್ರೆ ಮೊಸಾಯಿಕ್ ನೆಲದಲ್ಲಿ ಹುಡುಕೋದು ಆಗದ ಮಾತು. ಒಳಗಿನ ಸೀಸದ ಪುಡಿ ಒಣ ಇಯರ್‌ಬಡ್ಡಲ್ಲಿ ಒರೆಸಿ, ಸ್ಪ್ರಿಂಗಿಗೆ ಒಂದು ಸುತ್ತು ಜಾಸ್ತಿ ಬಿಗಿ ಕೊಟ್ಟು ಮುಚ್ಚಿದ್ವಿ, ಒಂಬತ್ತು ಹತ್ತು ಅವತ್ತಿಂದ ಸರಿ. ನಾನು ಮೊದ್ಲು ಮಾಡಕ್ಕೆ ಹೊರಟಿದ್ದು ಏನು ಅಂದ್ರೆ ಅಮ್ಮನ ಹೊಲಿಗೆ ಮಷೀನ್ ಎಣ್ಣೆ ಎರಡು ತೊಟ್ಟು ಬಿಡೋಣ ಅಂತ. ಭಾವ ಕೈ ಹಿಡ್ಕೊಂಡ್ರು. ಚಕ್ರಕ್ಕೆ ಎಣ್ಣೆ ಬಿಟ್ರೆ ಸೀಸದ ಪುಡಿ ಅಂಟಿ ಇನ್ನೂ ಗಟ್ಟಿಯಾಗತ್ತೆ, ಅದಕ್ಕಿಂತ ಮುಖ್ಯ, ಆ ಎಣ್ಣೆ ಗಾಳಿ ಇರೋ ಭಾಗಕ್ಕೆ ಇಳಿದ್ರೆ ಅಪಾಯ, ಅಷ್ಟು ಒತ್ತಡದ ಗಾಳೀಲಿ ಪೆಟ್ರೋಲಿಯಂ ಎಣ್ಣೆ ಹೊತ್ಕೊಳ್ಬಹುದು. ಓ-ರಿಂಗಿಗೆ, ಅಂದ್ರೆ ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಬಳೆಗೆ, ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಬೆರಳಿಗೆ ಸವರಿದಷ್ಟು.

ತುಂಬೋ ಕ್ರಮ ಬುಕ್ಕಲ್ಲಿ ಅರ್ಥ ಆಗೋ ಹಾಗಿಲ್ಲ ಅಂದ್ನಲ್ಲ, ನನ್ನ ಮ್ಯಾಗಝೀನಲ್ಲಿ ಹೀಗೆ. ಮುಚ್ಚಳವನ್ನ ಸ್ಪ್ರಿಂಗ್ ವಿರುದ್ಧ ಪೂರ್ತಿ ತಿರುಗಿಸಿ ಹಿಡ್ಕೊಂಡು, ಹಿಂದುಗಡೆಯಿಂದ ಮೊದಲನೇ ಪೆಲೆಟನ್ನ ಸ್ಕರ್ಟ್ ಮುಂದಾಗಿ ಹಾಕ್ಬೇಕು, ಅದು ಚಕ್ರ ತಿರುಗದ ಹಾಗೆ ಬೀಗ ಹಾಕಿದಂಗೆ ತಡೆಯತ್ತೆ, ಆಮೇಲೆ ಮ್ಯಾಗಝೀನ್ ಮಗುಚಿ, ಮುಚ್ಚಳ ಒಂದೊಂದು ಮನೆ ತಿರುಗಿಸ್ತಾ ಮಿಕ್ಕ ಒಂಬತ್ತನ್ನ ತಲೆ ಮುಂದಾಗಿ ಹಾಕೋದು. ಪ್ರತಿಯೊಂದೂ ಪೂರ್ತಿ ಒಳಗೆ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ಒಂದರ ಮೂತಿ ಉಗುರಿನ ದಪ್ಪ ಆಚೆ ಇದ್ರೂ ಚಕ್ರ ಅಲ್ಲೇ ನಿಲ್ಲತ್ತೆ.

ಕೊನೇದು ನನ್ನ ಕೈಯದೇ ತಪ್ಪು, ಇದು ಎಲ್ಲಕ್ಕಿಂತ ಅಪಾಯದ್ದು. ಲಿವರ್ ಮುಂದೆ ತಳ್ಳಿ, ಹೊಡೆಯೋ ಮುಂಚೆ ಏನೋ ಅನುಮಾನ ಬಂದು ಮತ್ತೆ ಹಿಂದೆ ಎಳೆದು ತಳ್ಳಿದ್ರೆ ಬ್ಯಾರಲಲ್ಲಿ ಎರಡು ಪೆಲೆಟ್. ಒಂದಿನ ಹಾಗೇ ಆಯ್ತು, ಸದ್ದು ಬೊದ್ ಅಂತ ಬಂತು, ಕಾಗದದಲ್ಲಿ ತೂತಿಲ್ಲ. ಅಲ್ಲೇ ನಿಲ್ಲಿಸ್ದೆ. ಮ್ಯಾಗಝೀನ್ ತೆಗೆದು, ಮೂತಿ ಮರಳಿನ ಪೆಟ್ಟಿಗೆ ಕಡೆಗೇ ಇಟ್ಟು, ಭಾವಂಗೆ ಫೋನ್ ಮಾಡ್ದೆ. ಅವರು ಬಂದು ಮೊದ್ಲು ಸಿಲಿಂಡರಿನ ಗಾಳಿ ಪೂರ್ತಿ ಖಾಲಿ ಮಾಡಿಸಿದ್ರು, ಗೇಜ್ ಸೊನ್ನೆ ತೋರಿಸಿದ ಮೇಲೇನೇ ಮುಂದಿನಿಂದ ಕ್ಲೀನಿಂಗ್ ಕಡ್ಡಿ ಹಾಕಿ ಎರಡೂ ಹಿಂದಕ್ಕೆ ತಳ್ಳಿ ತೆಗೆದ್ರು. ಒಂದರ ಸ್ಕರ್ಟೊಳಗೆ ಇನ್ನೊಂದರ ತಲೆ, ಬಟ್ಟಲೊಳಗೆ ಬಟ್ಟಲು ಇಟ್ಟಂಗೆ ಕೂತಿತ್ತು. ಗಾಳಿ ಇರೋವಾಗ ಮೂತಿ ಮುಂದೆ ಕೈ ಇಟ್ಟು ಕಡ್ಡಿ ಹಾಕೋ ಕೆಲಸ ಯಾರೂ ಮಾಡ್ಬೇಡಿ. ಈಗ ನಂದೊಂದು ನಿಯಮ, ಅನುಮಾನ ಬಂದ ತಕ್ಷಣ ಮ್ಯಾಗಝೀನ್ ಆಚೆ, ಒಳಗಿರೋದನ್ನ ಮರಳಿಗೆ ಹೊಡೆದು ಖಾಲಿ ಮಾಡಿ ಮತ್ತೆ ಶುರು.

ಮಗಳು ಇದೆಲ್ಲ ನೋಡ್ತಾ ಇದ್ದು “ಅಪ್ಪಾ, ನಾವು ಒಂದೊಂದೇ ಹಾಕ್ತೀವಲ್ಲ, ನೀನೂ ಹಾಗೇ ಹಾಕು” ಅಂದ್ಳು. ಮ್ಯಾಚಲ್ಲಿ ಮ್ಯಾಗಝೀನ್ ಇಲ್ಲವೇ ಇಲ್ಲ, ಅರವತ್ತು ಹೊಡೆತ, ಅರವತ್ತು ಸಲ ಕೈಯಲ್ಲೇ ಲೋಡು, ಗುರಿಯ ನಡುವಿನ ಹತ್ತು ಪಾಯಿಂಟಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅವಳ ಮಾತು ಕೇಳಿ ಒಂದು ಸಲಕ್ಕೆ ಒಂದೇ ಪೆಲೆಟ್ ಇಡೋ ಸಿಂಗಲ್ ಟ್ರೇ ತರ್ಸಿದೆ, ಮ್ಯಾಗಝೀನ್ ಜಾಗದಲ್ಲೇ ಕೂರತ್ತೆ, ಬೆಲೆ ಕಮ್ಮಿ. ಗುರಿ ಇಟ್ಟು ಹೊಡೆಯೋ ದಿನ ಟ್ರೇ, ಸುಮ್ನೆ ಡಬ್ಬ ಉರುಳಿಸೋ ದಿನ ಮ್ಯಾಗಝೀನು.

ರೇಟಿಂಗ್ 5ಕ್ಕೆ 3.5. ಬ್ಯಾರಲ್ ಟ್ರಿಗರ್‌ಗೆ ಪೂರ್ತಿ ಮಾರ್ಕ್ಸ್, ಒಂದು ಸ್ಟಾರ್ ಸರ್ವೀಸಿಗೂ ಆ ನಾಲ್ಕು ಸಾಲಿನ ಬುಕ್ಕಿಗೂ ಸೇರಿ ಕಟ್, ಅರ್ಧ ಆ ನಾಲ್ಕನೇ ತೂತಿಗೆ. ತಗೊಳ್ಳೋರು ಅಂಗಡೀಲೇ ಇನ್ನೊಂದು ಮ್ಯಾಗಝೀನ್ ಕೇಳಿ ತಗೊಳ್ಳಿ, ಒಂದರಲ್ಲಿ ತೊಂದ್ರೆ ಬಂದಾಗ ಇನ್ನೊಂದು ಹಾಕಿ ನೋಡಿದ್ರೆ ತಪ್ಪು ರೈಫಲ್‌ದಾ ಮ್ಯಾಗಝೀನ್‌ದಾ ಅಂತ ಅರ್ಧ ಗಂಟೇಲಿ ಗೊತ್ತಾಗತ್ತೆ. ಹೋದ ಭಾನುವಾರ ಮತ್ತೆ ನೂರು ಹೊಡೆದೆ, ಅದೇ ನೋಟ್‌ಬುಕ್ಕಲ್ಲಿ ಪಕ್ಕದ ಹಾಳೆ, ಒಂದೇ ಒಂದು ಇಂಟು ಬಿತ್ತು, ಏಳನೇ ಸಾಲಿನ ಎರಡನೇ ಮನೇಲಿ, ಆ ಪೆಲೆಟ್ ತೆಗೆದು ಗಾಜಿನ ಮೇಲೆ ಉರುಳಿಸಿದ್ರೆ ಕುಣೀತು.